ಪದವಿಯ ಹಸಿವಿಗೆ ಹಾಕಿದ ಕಟ್ಟಳೆಗಳು: ರೋಮನ್ ಗಣರಾಜ್ಯದ ಮತಯಾಚನೆ

ಅಧಿಕಾರ, ಪದವಿಯ ಆಸೆ, ಮನುಷ್ಯ ಸ್ವಭಾವ ಇವುಗಳ ಬಗ್ಗೆ ಪ್ರಾಚೀನ ರೋಮನ್ನರು ಕಂಡುಕೊಂಡದ್ದೇನು ಎಂದು ಹುಡುಕುವವರಿಗೆ ಮೊದಲು ಸಿಗುವುದು ಸೆನೆಕನ ಪತ್ರಗಳು, ಇಲ್ಲವೇ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನಗಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳು. ಆದರೆ ಇವರಿಬ್ಬರೂ ಬದುಕಿದ್ದು ರಾಜ್ಯದ ಚುಕ್ಕಾಣಿ ಒಬ್ಬನ ಕೈಸೇರಿ ತಲೆಮಾರುಗಳು ಕಳೆದ ಮೇಲೆ. ಒಬ್ಬ ಅರಮನೆಯ ನೆರಳಿನಲ್ಲಿ ಜೀವ ಹಿಡಿದುಕೊಂಡಿದ್ದವನು, ಇನ್ನೊಬ್ಬ ಅದೇ ಅರಮನೆಯ ಒಡೆಯ. ಅಂಥ ಕಾಲದಲ್ಲಿ ಮನಸ್ಸನ್ನು ಕೆಡದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದು ಅವರ ಚಿಂತೆಯಾಗಿತ್ತೇ ಹೊರತು, ಅಧಿಕಾರವನ್ನು ಹಲವರ ನಡುವೆ ಹಂಚಿ ಯಾರ ಕೈಯಲ್ಲೂ ಬಹುಕಾಲ ನಿಲ್ಲದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಅವರ ಮುಂದೆ ಇರಲೇ ಇಲ್ಲ. ಆ ಪ್ರಶ್ನೆಯನ್ನು ಕೇಳಿಕೊಂಡು ಸುಮಾರು ಐದು ಶತಮಾನಗಳ ಕಾಲ ಉತ್ತರ ಹುಡುಕಿದ್ದು ಅವರಿಗಿಂತ ಹಿಂದಿನ ಗಣರಾಜ್ಯ, ಮತ್ತು ಅದು ತನ್ನ ಉತ್ತರವನ್ನು ಸೂಕ್ತಿಗಳಲ್ಲಿ ಬರೆದಿಡದೆ ಅವಧಿ, ವಯಸ್ಸು, ಸರದಿ, ಮತದಾನ ಮುಂತಾದ ಒಣ ನಿಯಮಗಳಲ್ಲಿ ಇಟ್ಟಿತು. ರೋಮನ್ನರ ವಿವೇಕವನ್ನೂ ಅದರ ಸೋಲನ್ನೂ ಒಟ್ಟಿಗೆ ನೋಡಬೇಕಾದರೆ ಅವರ ಮತಯಾಚನೆಯ ಪದ್ಧತಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ರೋಮನ್ನರ ಸಾಂಪ್ರದಾಯಿಕ ಎಣಿಕೆಯಂತೆ ಕ್ರಿ.ಪೂ. 509ರಲ್ಲಿ ಕೊನೆಯ ದೊರೆ ಟಾರ್ಕ್ವಿನಿಯಸ್ ಸುಪರ್ಬಸ್‌ನನ್ನು ಊರಿನಿಂದ ಹೊರಹಾಕಲಾಯಿತು. ದೊರೆಯ ಸ್ಥಾನಕ್ಕೆ ಬಂದವರು ಇಬ್ಬರು ಕಾನ್ಸಲ್‌ಗಳು, ಅಂದರೆ ಒಂದೇ ವರ್ಷದ ಅವಧಿಗೆ ಆಯ್ಕೆಯಾಗುತ್ತಿದ್ದ, ಸಮಾನ ಅಧಿಕಾರವುಳ್ಳ ಮುಖ್ಯ ಆಡಳಿತಗಾರರು. ಒಬ್ಬ ಮಾಡಹೊರಟದ್ದನ್ನು ಇನ್ನೊಬ್ಬ ತಡೆಯಬಹುದಾಗಿತ್ತು, ಮತ್ತು ಅವಧಿ ಮುಗಿದ ಮರುದಿನ ಇಬ್ಬರೂ ಸಾಮಾನ್ಯ ಪ್ರಜೆಗಳಾಗಿ ತಮ್ಮ ಮೇಲಿನ ಆರೋಪಗಳಿಗೆ ಉತ್ತರ ಕೊಡಬೇಕಾಗಿತ್ತು. ಶಿಕ್ಷಿಸುವ ಅಧಿಕಾರದ ಗುರುತಾಗಿ ಕಾನ್ಸಲ್‌ನ ಮುಂದೆ ನಡೆಯುತ್ತಿದ್ದ ಹನ್ನೆರಡು ಮಂದಿ ಪರಿಚಾರಕರು ಕೋಲುಗಳ ಕಟ್ಟನ್ನು ಹೊರುತ್ತಿದ್ದರು. ಆ ಕಟ್ಟಿನೊಳಗಿನ ಕೊಡಲಿಯನ್ನು ನಗರದ ಪವಿತ್ರ ಎಲ್ಲೆಯ ಒಳಗೆ ತೆಗೆದಿಡಬೇಕೆಂಬ ಕಟ್ಟಳೆಯಿತ್ತು, ಏಕೆಂದರೆ ಊರೊಳಗಿನ ಪ್ರಜೆಗೆ ಮರಣದಂಡನೆಯ ವಿರುದ್ಧ ಜನರ ಮುಂದೆ ಮೇಲ್ಮನವಿ ಸಲ್ಲಿಸುವ ಹಕ್ಕಿತ್ತು. ಮೊದಲ ಕಾನ್ಸಲ್‌ಗಳಲ್ಲಿ ಒಬ್ಬನಾದ ಪಬ್ಲಿಕೋಲ ವೇಲಿಯ ಗುಡ್ಡದ ನೆತ್ತಿಯ ಮೇಲೆ ಮನೆ ಕಟ್ಟತೊಡಗಿದಾಗ ಅವನಿಗೆ ದೊರೆಯಾಗುವ ಆಸೆ ಹುಟ್ಟಿದೆಯೆಂದು ಜನ ಗುಸುಗುಸು ಆರಂಭಿಸಿದರೆಂದೂ, ಅವನು ಆ ಮನೆಯನ್ನು ಕೆಡವಿಸಿ ಗುಡ್ಡದ ಬುಡದಲ್ಲಿ ಕಟ್ಟಿಸಿಕೊಂಡನೆಂದೂ ಇತಿಹಾಸಕಾರ ಲಿವಿ ಹೇಳುತ್ತಾನೆ. ಈ ಕಥೆಯಲ್ಲಿ ಐತಿಹ್ಯದ ಪಾಲು ಎಷ್ಟೇ ಇರಲಿ, ತಮ್ಮ ನಾಯಕರ ಬಗ್ಗೆ ರೋಮನ್ನರು ಇಟ್ಟುಕೊಂಡಿದ್ದ ಸಂಶಯ ಎಂಥದ್ದೆಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ: ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ ಅವನ ಮನೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅವರು ಮೊದಲು ನೋಡುತ್ತಿದ್ದರು.

ಆದರೆ ಈ ಸಂಶಯವನ್ನು ಪದವಿಯ ಆಸೆಯ ಮೇಲಿನ ದ್ವೇಷವೆಂದು ತಿಳಿದರೆ ರೋಮನ್ನರನ್ನು ಪೂರ್ತಿ ತಪ್ಪಾಗಿ ಅರ್ಥಮಾಡಿಕೊಂಡಂತಾಗುತ್ತದೆ, ಏಕೆಂದರೆ ಆ ಆಸೆಯನ್ನು ಅವರಷ್ಟು ಎಚ್ಚರದಿಂದ ಬೆಳೆಸಿದ ಸಮಾಜಗಳು ಕಡಿಮೆ. ಕ್ರಿ.ಪೂ. 167ರಲ್ಲಿ ಒತ್ತೆಯಾಳಾಗಿ ಇಟಲಿಗೆ ಬಂದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ರೋಮನ್ ಕುಲೀನರ ಶವಯಾತ್ರೆಯೊಂದನ್ನು ವಿವರವಾಗಿ ಬಣ್ಣಿಸಿದ್ದಾನೆ. ಉನ್ನತ ಪದವಿಗಳನ್ನು ಹೊಂದಿದ್ದ ಪೂರ್ವಜರ ಮುಖವಾಡಗಳನ್ನು ಮನೆಯ ಅಂಗಳದ ಗೂಡುಗಳಲ್ಲಿ ಕಾಪಾಡಲಾಗುತ್ತಿತ್ತು; ಮನೆಯಲ್ಲಿ ಸಾವಾದಾಗ ಅವುಗಳನ್ನು ಹೊರತೆಗೆದು, ಮೈಕಟ್ಟಿನಲ್ಲಿ ಆ ಪೂರ್ವಜರನ್ನು ಹೋಲುವವರಿಗೆ ತೊಡಿಸಿ, ಅವರವರ ಪದವಿಯ ಉಡುಪಿನಲ್ಲಿ ರಥಗಳ ಮೇಲೆ ಫೋರಂಗೆ, ಅಂದರೆ ನಗರದ ನಡುವಿನ ಸಾರ್ವಜನಿಕ ಚೌಕಕ್ಕೆ, ಕರೆದೊಯ್ಯುತ್ತಿದ್ದರು. ಅಲ್ಲಿ ಸತ್ತವನ ಮಗ ತಂದೆಯ ಸಾಧನೆಗಳನ್ನೂ, ಸಾಲಾಗಿ ಕುಳಿತ ಆ ಹಿರಿಯರೆಲ್ಲರ ಸಾಧನೆಗಳನ್ನೂ ಒಂದೊಂದಾಗಿ ಹೇಳುತ್ತಿದ್ದ. ಇದನ್ನು ನೋಡುತ್ತ ನಿಂತ ಹುಡುಗನಿಗೆ ಕೀರ್ತಿಯ ಹಂಬಲ ಹುಟ್ಟದೆ ಇನ್ನೇನು ಹುಟ್ಟೀತು ಎಂಬುದು ಪಾಲಿಬಿಯಸ್‌ನ ಅಭಿಪ್ರಾಯ. ಕ್ರಿ.ಪೂ. 221ರಲ್ಲಿ ಲೂಸಿಯಸ್ ಕೆಸೀಲಿಯಸ್ ಮೆಟೆಲ್ಲಸ್ ತೀರಿಕೊಂಡಾಗ ಅವನ ಮಗ ಮಾಡಿದ ಭಾಷಣದ ಸಾರಾಂಶ ಹಿರಿಯ ಪ್ಲಿನಿಯ ಗ್ರಂಥದಲ್ಲಿ ಉಳಿದಿದೆ: ತಂದೆ ಬಯಸಿ ಪಡೆದ ಹತ್ತು ಹಿರಿಮೆಗಳ ಪಟ್ಟಿಯಲ್ಲಿ ಮೊದಲ ದರ್ಜೆಯ ಯೋಧನಾಗುವುದು, ಉನ್ನತ ಪದವಿ ಪಡೆಯುವುದು, ಹಿರಿಯರ ಸಭೆಯಾದ ಸೆನೆಟ್ಟಿನಲ್ಲಿ ಅಗ್ರಗಣ್ಯನಾಗುವುದು, ನ್ಯಾಯವಾದ ದಾರಿಯಿಂದ ದೊಡ್ಡ ಸಂಪತ್ತು ಗಳಿಸುವುದು, ಬಹಳ ಮಕ್ಕಳನ್ನು ಬಿಟ್ಟುಹೋಗುವುದು ಇವೆಲ್ಲ ಸೇರಿದ್ದವು. ನಮ್ರತೆಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಹೀಗೆ ಒಂದು ಕೈಯಿಂದ ಹಸಿವನ್ನು ಕೆರಳಿಸುತ್ತಿದ್ದ ರೋಮನ್ ಸಮಾಜ ಇನ್ನೊಂದು ಕೈಯಿಂದ ಊಟವನ್ನು ಅಳೆದು ಬಡಿಸುತ್ತಿತ್ತು, ಮತ್ತು ಅಳತೆಯ ನಿಯಮಗಳು ಶತಮಾನಗಳುದ್ದಕ್ಕೂ ಹೆಚ್ಚುತ್ತ ಹೋದವು. ಒಮ್ಮೆ ವಹಿಸಿದ ಪದವಿಯನ್ನು ಹತ್ತು ವರ್ಷ ಕಳೆಯದೆ ಮತ್ತೆ ವಹಿಸಬಾರದೆಂಬ ನಿಯಮವನ್ನು ಲಿವಿ ಕ್ರಿ.ಪೂ. 342ರಷ್ಟು ಹಿಂದಕ್ಕೆ ಒಯ್ಯುತ್ತಾನೆ. ಕ್ರಿ.ಪೂ. 180ರ ವಿಲ್ಲಿಯಸ್ ಕಾಯಿದೆ ಒಂದೊಂದು ಪದವಿಗೂ ಕನಿಷ್ಠ ವಯಸ್ಸನ್ನು ಗೊತ್ತುಮಾಡಿತು. ಮುಂದಿನ ಶತಮಾನದ ಹೊತ್ತಿಗೆ ಹಣಕಾಸನ್ನು ನೋಡಿಕೊಳ್ಳುವ ಕ್ವೀಸ್ಟರ್ ಆಗಲು 30, ನ್ಯಾಯಾಡಳಿತ ನಡೆಸುವ ಪ್ರೀಟರ್ ಆಗಲು 39, ಕಾನ್ಸಲ್ ಆಗಲು 42 ವರ್ಷ ಆಗಿರಬೇಕಿತ್ತು. ಕ್ರಿ.ಪೂ. 81ರಲ್ಲಿ ಸರ್ವಾಧಿಕಾರಿ ಸುಲ್ಲ ಮಾಡಿದ ವ್ಯವಸ್ಥೆಯಂತೆ ವರ್ಷಕ್ಕೆ 20 ಕ್ವೀಸ್ಟರ್‌ಗಳು, 8 ಪ್ರೀಟರ್‌ಗಳು ಆಯ್ಕೆಯಾಗುತ್ತಿದ್ದರೂ ಕಾನ್ಸಲ್‌ಗಳು ಇಬ್ಬರೇ ಆಗಿದ್ದರು. ಮೊದಲ ಮೆಟ್ಟಿಲನ್ನು ಹತ್ತಿದ ಇಪ್ಪತ್ತು ಮಂದಿಯಲ್ಲಿ ಹದಿನೆಂಟು ಮಂದಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕಾಗಿತ್ತೆಂಬುದು ಇದರ ಸರಳ ಲೆಕ್ಕ. ಮುಂದಿನ ಕಥೆಯ ಬಹುಪಾಲು ಕಹಿ ಈ ಲೆಕ್ಕದಿಂದಲೇ ಹುಟ್ಟಿದ್ದು.

ಪದವಿಯನ್ನು ಬಯಸುವವನು ಜನರ ನಡುವೆ ಓಡಾಡಿ ಬೆಂಬಲ ಕೇಳುವುದನ್ನು ಲ್ಯಾಟಿನ್ನಿನಲ್ಲಿ ಆಂಬಿಟಿಯೊ ಎನ್ನುತ್ತಿದ್ದರು, ಮತ್ತು ಅದು ಕಾನೂನಿನ ಗೆರೆ ದಾಟಿದಾಗ ಆಂಬಿಟಸ್ ಎಂಬ ಅಪರಾಧವಾಗುತ್ತಿತ್ತು. ಆ ಗೆರೆ ಎಲ್ಲಿದೆ ಎಂಬ ವಿಷಯದಲ್ಲಿ ರೋಮನ್ನರು ಒಮ್ಮತಕ್ಕೆ ಬರಲೇ ಇಲ್ಲ. ಅಭ್ಯರ್ಥಿಗಳು ತಮ್ಮ ಟೋಗಾವನ್ನು, ಅಂದರೆ ಮೈಸುತ್ತ ಹೊದೆಯುವ ಉಣ್ಣೆಯ ಉಡುಪನ್ನು, ಸೀಮೆಸುಣ್ಣದಿಂದ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಿಕೊಂಡು ಹೊರಡುತ್ತಿದ್ದರು. ಹೀಗೆ ಬಿಳುಪೇರಿಸಬಾರದೆಂದು ಕ್ರಿ.ಪೂ. 432ರಲ್ಲಿಯೇ ಒಂದು ಕಾನೂನು ಬಂದಿತ್ತೆಂದು ಬರೆಯುವ ಲಿವಿ, ತನ್ನ ಕಾಲದವರಿಗೆ ಇದೊಂದು ದೊಡ್ಡ ವಿಷಯವೆಂದೇ ಅನ್ನಿಸದು ಎಂದೂ ಸೇರಿಸುತ್ತಾನೆ. ಆ ಕಾನೂನನ್ನು ಯಾರೂ ಪಾಲಿಸಲಿಲ್ಲವೆಂಬುದಕ್ಕೆ ನಾಲ್ಕು ಶತಮಾನಗಳ ಬಿಳಿ ಟೋಗಾಗಳೇ ಸಾಕ್ಷಿ. ಕ್ರಿ.ಪೂ. 358ರ ಇನ್ನೊಂದು ಕಾಯಿದೆ ಸಂತೆಗಳಲ್ಲಿಯೂ ಹಳ್ಳಿಗಾಡಿನ ಕೂಟಗಳಲ್ಲಿಯೂ ಸುತ್ತಾಡಿ ಮತ ಕೇಳುವುದನ್ನು ತಡೆಯಿತು, ಮತ್ತು ಲಿವಿಯೇ ಹೇಳುವಂತೆ ಅದರ ಗುರಿ ‘ಹೊಸಬರು’, ಅಂದರೆ ಕುಟುಂಬದಲ್ಲಿ ಯಾರೂ ಹಿಂದೆ ಉನ್ನತ ಪದವಿಗೇರಿರದವರು. ಚುನಾವಣಾ ಶುದ್ಧಿಯ ಹೆಸರಿನಲ್ಲಿ ಹಳಬರು ಹೊಸಬರಿಗೆ ಬಾಗಿಲು ಮುಚ್ಚುವ ತಂತ್ರ ಅಷ್ಟು ಹಳೆಯದು.

ಕ್ರಿ.ಪೂ. 64ರಲ್ಲಿ ಕಾನ್ಸಲ್ ಪದವಿಗೆ ನಿಂತ ವಾಗ್ಮಿ ಸಿಸೆರೊ ಅಂಥ ಹೊಸಬ. ಅವನ ತಮ್ಮ ಕ್ವಿಂಟಸ್ ಅಣ್ಣನಿಗೆಂದು ಬರೆದನೆನ್ನಲಾದ ಮತಯಾಚನೆಯ ಕಿರುಕೈಪಿಡಿಯೊಂದು ಇಂದಿಗೂ ಉಳಿದಿದೆ. ಅದು ನಿಜವಾಗಿ ಕ್ವಿಂಟಸ್‌ನದೇ ಅಥವಾ ಮುಂದಿನವರ ಕೈವಾಡವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದ್ದರೂ, ಗಣರಾಜ್ಯದ ಕೊನೆಯ ಕಾಲದ ರೂಢಿಗಳನ್ನು ಬಲ್ಲವರೇ ಅದನ್ನು ಬರೆದಿದ್ದಾರೆಂಬುದರಲ್ಲಿ ಅನುಮಾನಕ್ಕೆ ಎಡೆ ಕಡಿಮೆ. ಬೆಳಗ್ಗೆ ಮನೆಬಾಗಿಲಿಗೆ ಬಂದು ನಮಸ್ಕರಿಸುವವರು, ಮನೆಯಿಂದ ಫೋರಂವರೆಗೆ ಜೊತೆಗೆ ನಡೆಯುವವರು, ದಿನವಿಡೀ ಬೆನ್ನಹಿಂದೆ ಇರುವವರು ಎಂದು ಅದು ಹಿಂಬಾಲಕರನ್ನು ಮೂರು ಬಗೆಯಾಗಿ ವಿಂಗಡಿಸಿ, ಮೊದಲ ಬಗೆಯವರು ಹಲವು ಅಭ್ಯರ್ಥಿಗಳ ಮನೆಗೂ ಹೋಗಿಬರುವವರೆಂಬುದು ಗೊತ್ತಿದ್ದರೂ ಗೊತ್ತಿಲ್ಲದಂತೆ ನಟಿಸಬೇಕೆನ್ನುತ್ತದೆ. ಜನರನ್ನು ಹೆಸರು ಹಿಡಿದು ಕರೆಯಬೇಕು. ಊರು ಬಿಟ್ಟು ಹೋಗಬಾರದು. ರಾಜಕೀಯ ವಿಷಯಗಳಲ್ಲಿ ಚುನಾವಣೆ ಮುಗಿಯುವತನಕ ಯಾವ ನಿಲುವನ್ನೂ ಹೊರಗೆಡಹಬಾರದು. ಮಾಡಲಾಗದ ಕೆಲಸವನ್ನಾದರೂ ಮಾಡಿಕೊಡುತ್ತೇನೆಂದು ಒಪ್ಪಿಕೊಳ್ಳಬೇಕು, ಏಕೆಂದರೆ ಮುರಿದ ಮಾತಿಗಿಂತ ಮುಖಕ್ಕೆ ಹೇಳಿದ ‘ಇಲ್ಲ’ ಜನರನ್ನು ಹೆಚ್ಚು ಕೆರಳಿಸುತ್ತದೆ. ಈ ಕೊನೆಯ ಸಲಹೆಯ ಹಿಂದಿನ ಲೆಕ್ಕಾಚಾರ ತಣ್ಣಗಿನದು: ಮಾತು ಕೊಟ್ಟ ಕೆಲಸಗಳಲ್ಲಿ ಹಲವು ಕೇಳಿದವರೇ ಮರೆತುಬಿಡುವಂಥವು, ಮರೆಯದೆ ಬರುವವರ ಸಿಟ್ಟು ಸಿಡಿಯುವುದು ಚುನಾವಣೆ ಮುಗಿದ ಮೇಲೆ.

ಹೆಸರುಗಳನ್ನು ನೆನಪಿಡುವ ಕೆಲಸಕ್ಕೆ ಶ್ರೀಮಂತರು ನೊಮೆನ್‌ಕ್ಲೇಟರ್ ಎಂಬ ಗುಲಾಮನನ್ನು ಇಟ್ಟುಕೊಳ್ಳುತ್ತಿದ್ದರು. ಎದುರಿಗೆ ಬರುವವನ ಹೆಸರನ್ನು ಒಡೆಯನ ಕಿವಿಯಲ್ಲಿ ಪಿಸುಗುಟ್ಟುವುದಷ್ಟೇ ಅವನ ಕೆಲಸ. ಮತಯಾಚನೆಯಲ್ಲಿ ಇಂಥವರನ್ನು ಬಳಸಬಾರದೆಂಬ ಕಾನೂನು ಬಂದಾಗ ಅದನ್ನು ಪಾಲಿಸಿದವನು ರಾಜಕಾರಣಿ ಕಿರಿಯ ಕೇಟೊ ಒಬ್ಬನೇ ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಸಿಸೆರೊ ಜನರ ಸ್ವಭಾವವನ್ನು ಕಲಿತದ್ದು ಬೇರೆ ದಾರಿಯಲ್ಲಿ. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಕ್ವೀಸ್ಟರ್ ಆಗಿ ದುಡಿದು, ರೋಮಿನಲ್ಲೆಲ್ಲ ತನ್ನದೇ ಮಾತೆಂದು ಬೀಗುತ್ತ ಮರಳುವಾಗ ಪುಟಿಯೋಲಿ ಬಂದರಿನಲ್ಲಿ ಒಬ್ಬ ಪರಿಚಿತ ‘ರೋಮಿನಿಂದ ಯಾವಾಗ ಹೊರಟಿರಿ, ಅಲ್ಲಿ ಏನು ಸುದ್ದಿ’ ಎಂದು ಕೇಳಿದ ಪ್ರಸಂಗವನ್ನು ಅವನು ನ್ಯಾಯಾಲಯದ ಭಾಷಣವೊಂದರಲ್ಲಿ ತನ್ನ ಮೇಲೆಯೇ ನಗುತ್ತ ವಿವರಿಸಿದ್ದಾನೆ. ದೂರದಲ್ಲಿ ಮಾಡಿದ ಒಳ್ಳೆಯ ಕೆಲಸ ರೋಮನ್ ಮತದಾರನ ಕಿವಿಗೆ ಬೀಳುವುದಿಲ್ಲ, ಕಣ್ಣಿಗೆ ಬಿದ್ದದ್ದೇ ಅವನಿಗೆ ಕೆಲಸ ಎಂದು ತೀರ್ಮಾನಿಸಿದ ಸಿಸೆರೊ, ಅಲ್ಲಿಂದ ಮುಂದೆ ಫೋರಂ ಬಿಟ್ಟು ಕದಲಲಿಲ್ಲ. ಹೊಸಬನಾಗಿದ್ದರೂ ಕಾನೂನು ಅನುಮತಿಸುವ ಮೊಟ್ಟಮೊದಲ ವಯಸ್ಸಿನಲ್ಲಿಯೇ ಅವನು ಕಾನ್ಸಲ್ ಆದ.

ಮತದಾನ ನಡೆಯುತ್ತಿದ್ದುದು ಟೈಬರ್ ನದಿಯ ಬಳಿಯ ಮಾರ್ಸ್ ಬಯಲಿನಲ್ಲಿ. ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ಪ್ರಜೆಗಳು ಆಸ್ತಿಗೆ ಅನುಸಾರವಾಗಿ 193 ತಂಡಗಳಲ್ಲಿ ಹಂಚಿಹೋಗಿದ್ದು, ಒಂದು ತಂಡಕ್ಕೆ ಒಂದು ಮತ ಎಂಬ ಲೆಕ್ಕವಿತ್ತು. ಶ್ರೀಮಂತರ ತಂಡಗಳು ಹೆಚ್ಚು, ಅವು ಮೊದಲು ಮತ ಹಾಕುತ್ತಿದ್ದವು. ಆಸ್ತಿಯಿಲ್ಲದವರೆಲ್ಲ ಸೇರಿ ಒಂದೇ ತಂಡ, ಮತ್ತು ಅವರ ಸರದಿ ಬರುವ ಮೊದಲೇ ಫಲಿತಾಂಶ ನಿಶ್ಚಯವಾಗುವುದು ಸಾಮಾನ್ಯವಾಗಿತ್ತು. ಚೀಟಿ ಎತ್ತಿ ಆರಿಸಿದ ಒಂದು ತಂಡ ಎಲ್ಲರಿಗಿಂತ ಮೊದಲು ಮತ ಚಲಾಯಿಸುತ್ತಿತ್ತು, ಅದರ ತೀರ್ಪನ್ನು ದೈವಸೂಚನೆಯೆಂಬಂತೆ ಉಳಿದವರು ಅನುಸರಿಸುತ್ತಿದ್ದರು. ಕ್ರಿ.ಪೂ. 139ರಲ್ಲಿ ಬಾಯಿಮಾತಿನ ಮತ ಹೋಗಿ ಮೇಣ ಬಳಿದ ಹಲಗೆಯ ಮೇಲೆ ಬರೆಯುವ ಗುಪ್ತ ಮತದಾನ ಬಂತು. ಮತಪೆಟ್ಟಿಗೆಯತ್ತ ಹೋಗುವ ಹಾದಿಯಲ್ಲಿ ನಿಂತು ಹಲಗೆಗಳನ್ನು ಇಣುಕಿ ನೋಡುತ್ತಿದ್ದ ಪ್ರಬಲರನ್ನು ದೂರವಿಡಲು, ಇಬ್ಬರು ನಿಲ್ಲಲಾಗದಂತೆ ಆ ಹಾದಿಗಳನ್ನೇ ಕಿರಿದಾಗಿಸುವ ಕಾಯಿದೆಯನ್ನು ಮುಂದೆ ಹಲವು ಬಾರಿ ಕಾನ್ಸಲ್ ಆಗಲಿದ್ದ ಮಾರಿಯಸ್ ಕ್ರಿ.ಪೂ. 119ರಲ್ಲಿ ತಂದ. ಮನುಷ್ಯ ಸ್ವಭಾವದ ಬಗ್ಗೆ ರೋಮನ್ನರು ಮಾಡಿದ ಪ್ರಾಯೋಗಿಕ ಚಿಂತನೆಯ ಅತ್ಯುತ್ತಮ ಉದಾಹರಣೆಯೆಂದು ಈ ಕಿರಿದಾದ ಹಾದಿಯನ್ನು ಹೆಸರಿಸಬಹುದು. ಬೆದರಿಸಬೇಡಿರೆಂದು ಬೋಧಿಸುವ ಬದಲು ಬೆದರಿಸುವವನಿಗೆ ನಿಲ್ಲಲು ಜಾಗವೇ ಇಲ್ಲದಂತೆ ಅದು ಮಾಡಿತು.

ಬೆದರಿಕೆ ತಗ್ಗಿದಲ್ಲಿ ಹಣ ಬಂತು. ಮತ ಗುಟ್ಟಾದ ಮೇಲೆ ಹಳೆಯ ಋಣಾನುಬಂಧವನ್ನು ನೆಚ್ಚಿಕೊಳ್ಳುವಂತಿರಲಿಲ್ಲ, ಆದ್ದರಿಂದ ಮತದಾರರ ಕೈ ಬಿಸಿ ಮಾಡುವ ಕೆಲಸ ಒಂದು ಕಸುಬಾಗಿಯೇ ಬೆಳೆಯಿತು. ರೋಮನ್ ಪ್ರಜೆಗಳು 35 ಬುಡಕಟ್ಟುಗಳಲ್ಲಿ, ಅಂದರೆ ಪ್ರಾದೇಶಿಕ ವಿಭಾಗಗಳಲ್ಲಿ, ನೋಂದಾಯಿತರಾಗಿದ್ದರು. ಒಂದೊಂದು ಬುಡಕಟ್ಟಿನಲ್ಲಿಯೂ ಹಣ ಹಂಚುವ ಡಿವೈಸರ್‌ಗಳೆಂಬವರು ಇದ್ದರು, ಮತ್ತು ಫಲಿತಾಂಶ ಬರುವವರೆಗೆ ಒಪ್ಪಂದದ ಮೊತ್ತವನ್ನು ಇಟ್ಟುಕೊಳ್ಳಲು ಸೆಕ್ವೆಸ್ಟರ್ ಎಂಬ ಮಧ್ಯಸ್ಥನಿದ್ದ. ಲಂಚದ ವ್ಯವಹಾರಕ್ಕೂ ನಂಬಿಕಸ್ಥ ಮೂರನೆಯವನು ಬೇಕಾಗುತ್ತಿದ್ದನೆಂಬುದು ಕುತೂಹಲದ ಸಂಗತಿ. ಇದನ್ನು ತಡೆಯಲು ಕ್ರಿ.ಪೂ. 181 ಮತ್ತು 159ರಲ್ಲಿ ಕಾಯಿದೆಗಳು ಬಂದವು, ಬಳಿಕ ಇದಕ್ಕೆಂದೇ ಕಾಯಂ ನ್ಯಾಯಾಲಯವೂ ಸ್ಥಾಪನೆಯಾಯಿತು; ಹಾದಿಯನ್ನು ಕಿರಿದಾಗಿಸಿದ ಮಾರಿಯಸ್ಸೇ ಪ್ರೀಟರ್ ಚುನಾವಣೆಯ ಲಂಚದ ಆರೋಪಕ್ಕೆ ಗುರಿಯಾಗಿ, ತೀರ್ಪುಗಾರರ ಮತಗಳು ಸಮನಾಗಿ ಒಡೆದದ್ದರಿಂದ ಪಾರಾದ. ಕ್ರಿ.ಪೂ. 67ರ ಕಾಯಿದೆ ತಪ್ಪಿತಸ್ಥರನ್ನು ಸೆನೆಟ್ಟಿನಿಂದ ಉಚ್ಚಾಟಿಸಿ ಶಾಶ್ವತವಾಗಿ ಪದವಿಗಳಿಂದ ದೂರವಿಟ್ಟಿತು. ಕ್ರಿ.ಪೂ. 63ರಲ್ಲಿ ಕಾನ್ಸಲ್ ಸಿಸೆರೊ ತಂದ ಕಾಯಿದೆ ಅದರ ಮೇಲೆ ಹತ್ತು ವರ್ಷಗಳ ಗಡಿಪಾರನ್ನು ಸೇರಿಸಿ, ಚುನಾವಣೆಗೆ ನಿಲ್ಲುವ ಮೊದಲಿನ ಎರಡು ವರ್ಷಗಳಲ್ಲಿ ಗ್ಲ್ಯಾಡಿಯೇಟರ್ ಕಾಳಗಗಳನ್ನು ಏರ್ಪಡಿಸುವುದನ್ನೂ ನಿಷೇಧಿಸಿತು.

ಆ ಕಾಯಿದೆಯ ಶಾಯಿ ಆರುವ ಮೊದಲೇ ಅದರಡಿ ಬಂದ ಮೊಕದ್ದಮೆಯೊಂದರಲ್ಲಿ ಆರೋಪಿಯ ಪರವಾಗಿ ವಾದಿಸಿದವನು ಸ್ವತಃ ಸಿಸೆರೊ. ಮರುವರ್ಷಕ್ಕೆ ಕಾನ್ಸಲ್ ಆಗಿ ಆಯ್ಕೆಯಾಗಿದ್ದ ಮುರೇನನ ಮೇಲೆ ಸೋತ ಅಭ್ಯರ್ಥಿ, ಕಾನೂನು ಪಂಡಿತ ಸರ್ವಿಯಸ್ ಸಲ್ಪೀಸಿಯಸ್ ದಾವೆ ಹೂಡಿದ್ದ, ಅವನಿಗೆ ಬೆಂಬಲವಾಗಿ ಕೇಟೊ ನಿಂತಿದ್ದ. ಅದೇ ಹೊತ್ತಿಗೆ, ಎರಡು ಬಾರಿ ಕಾನ್ಸಲ್ ಚುನಾವಣೆಯಲ್ಲಿ ಸೋತು ಸಾಲದಲ್ಲಿ ಮುಳುಗಿದ್ದ ಕ್ಯಾಟಿಲೈನ್ ಸೈನ್ಯ ಕಟ್ಟಿಕೊಂಡು ದಂಗೆಯೇಳುತ್ತಿದ್ದ. ಹೊಸ ವರ್ಷ ಇಬ್ಬರು ಕಾನ್ಸಲ್‌ಗಳಿಲ್ಲದೆ ಆರಂಭವಾಗುವುದು ಅಪಾಯವೆಂಬುದು ಸಿಸೆರೊನ ಮುಖ್ಯ ವಾದ. ಅದರ ಜೊತೆಗೆ ಅವನು ಇನ್ನೊಂದು ಮಾತನ್ನೂ ಮುಂದಿಟ್ಟ: ಬಡವನಿಗೆ ದೊಡ್ಡವರ ಉಪಕಾರ ತೀರಿಸಲು ಇರುವ ದಾರಿಯೆಂದರೆ ಅವರ ಹಿಂದೆ ನಡೆಯುವುದೊಂದೇ, ಅದಕ್ಕೆ ಪ್ರತಿಯಾಗಿ ಸಿಗುವ ಊಟವನ್ನೂ ಆಟದ ಮೈದಾನದ ಆಸನವನ್ನೂ ಕಾನೂನಿನ ಹೆಸರಿನಲ್ಲಿ ಕಸಿದುಕೊಳ್ಳಬಾರದು. ಮುರೇನ ಬಿಡುಗಡೆಯಾದ. ಸಿಸೆರೊನ ನಡೆಯನ್ನು ಇಬ್ಬಂದಿತನವೆಂದು ಬದಿಗೆ ತಳ್ಳುವುದು ಸುಲಭ, ಆದರೆ ಅದಕ್ಕೂ ಮುಜುಗರದ ಸಂಗತಿ ಕೇಟೊನ ಬದುಕಿನಲ್ಲಿದೆ. ಮೂರು ವರ್ಷಗಳ ನಂತರ, ಕ್ರಿ.ಪೂ. 60ರ ಚುನಾವಣೆಯಲ್ಲಿ, ಸೀಸರನಿಗೆ ಎದುರಾಗಿ ಬಿಬ್ಯುಲಸ್‌ನನ್ನು ಗೆಲ್ಲಿಸಲು ಕುಲೀನರು ಲಂಚದ ನಿಧಿ ಕೂಡಿಸಿದಾಗ, ರಾಜ್ಯದ ಹಿತಕ್ಕಾಗಿ ಇದು ನಡೆಯಬೇಕಾದದ್ದೇ ಎಂದು ಕೇಟೊ ಕೂಡ ಒಪ್ಪಿದನೆಂದು ಜೀವನಚರಿತ್ರೆಕಾರ ಸ್ವೆಟೋನಿಯಸ್ ದಾಖಲಿಸುತ್ತಾನೆ. ತನ್ನ ಸ್ವಂತ ಕಾನ್ಸಲ್ ಚುನಾವಣೆಯಲ್ಲಿ ಮಾತ್ರ ಕೇಟೊ ಯಾರನ್ನೂ ಓಲೈಸಲು ಒಪ್ಪದೆ ಸೋತ.

ಕಾಯಿದೆಗಳು ಬಿಗಿಯಾದಷ್ಟೂ ಲಂಚ ಹೆಚ್ಚಿದ್ದಕ್ಕೆ ಕಾರಣ ಮತಗಟ್ಟೆಯಲ್ಲಿರಲಿಲ್ಲ, ಸಮುದ್ರದಾಚೆಯ ಪ್ರಾಂತ್ಯಗಳಲ್ಲಿತ್ತು. ಪದವಿಯ ವರ್ಷ ಮುಗಿಸಿದ ಪ್ರೀಟರ್ ಅಥವಾ ಕಾನ್ಸಲ್ ಒಂದು ಪ್ರಾಂತ್ಯದ ಅಧಿಪತಿಯಾಗಿ ಹೋಗುತ್ತಿದ್ದ, ಅಲ್ಲಿ ಅವನಿಗೆ ಸಹೋದ್ಯೋಗಿಯೂ ಇರಲಿಲ್ಲ, ಹತ್ತಿರದಲ್ಲಿ ಕೇಳುವವರೂ ಇರಲಿಲ್ಲ. ಕ್ರಿ.ಪೂ. 73ರಿಂದ 71ರವರೆಗೆ ಸಿಸಿಲಿಯನ್ನು ಆಳಿದ ವೆರ್ರೆಸ್ ತನ್ನ ಮೂರು ವರ್ಷಗಳ ಗಳಿಕೆಯಲ್ಲಿ ಒಂದು ವರ್ಷದ್ದು ತನಗೆ, ಇನ್ನೊಂದು ವಕೀಲರಿಗೆ, ಅತ್ಯಂತ ಲಾಭದ ಮತ್ತೊಂದು ತೀರ್ಪುಗಾರರಿಗೆ ಎಂದು ಪಾಲು ಹಾಕಿಕೊಂಡಿದ್ದನೆಂದು ಅವನ ಮೇಲೆ ಮೊಕದ್ದಮೆ ನಡೆಸಿದ ಸಿಸೆರೊ ಆರೋಪಿಸಿದ. ಹೀಗೆ ಪದವಿಯೆಂಬುದು ಸಾಲ ತೆಗೆದು ಹಣ ಹೂಡುವ ವ್ಯಾಪಾರವಾಯಿತು. ಕ್ರಿ.ಪೂ. 54ರ ಬೇಸಿಗೆಯಲ್ಲಿ ಇದು ಪರಾಕಾಷ್ಠೆ ಮುಟ್ಟಿತು: ನಾಲ್ವರು ಕಾನ್ಸಲ್ ಅಭ್ಯರ್ಥಿಗಳ ನಡುವೆ ನಡೆದ ಹಣದ ಪೈಪೋಟಿಯಿಂದ ರೋಮಿನ ಬಡ್ಡಿದರ ಶೇ. 4ರಿಂದ ಶೇ. 8ಕ್ಕೆ ಏರಿತೆಂದು ಸಿಸೆರೊನ ಪತ್ರಗಳು ತಿಳಿಸುತ್ತವೆ. ಮೊದಲು ಮತ ಹಾಕುವ ಆ ಒಂದೇ ತಂಡಕ್ಕೆ ಒಂದು ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಕೊಡುವ ಮಾತಾಯಿತು. ಅಭ್ಯರ್ಥಿಗಳಲ್ಲಿ ಇಬ್ಬರು, ತಮ್ಮನ್ನು ಗೆಲ್ಲಿಸಿದರೆ ಪ್ರಾಂತ್ಯ ಹಂಚಿಕೆಗೆ ಬೇಕಾದ ಸುಳ್ಳು ಸಾಕ್ಷಿಗಳನ್ನು ಒದಗಿಸುತ್ತೇವೆ, ತಪ್ಪಿದರೆ ದಂಡ ತೆರುತ್ತೇವೆ ಎಂದು ಅಂದಿನ ಕಾನ್ಸಲ್‌ಗಳಿಗೆ ಬರೆದುಕೊಟ್ಟಿದ್ದರು, ಮತ್ತು ಆ ಅಭ್ಯರ್ಥಿಗಳಲ್ಲಿ ಒಬ್ಬನಾದ ಮೆಮ್ಮಿಯಸ್ ಆ ಒಪ್ಪಂದವನ್ನು ಸೆನೆಟ್ಟಿನಲ್ಲಿಯೇ ಓದಿಹೇಳಿದ. ಮೊಕದ್ದಮೆಗಳ ಗದ್ದಲದಲ್ಲಿ ಚುನಾವಣೆ ಮುಂದಕ್ಕೆ ಹೋಗಿ, ಕ್ರಿ.ಪೂ. 53ರ ಮೊದಲ ಅರ್ಧವರ್ಷ ರೋಮಿನಲ್ಲಿ ಕಾನ್ಸಲ್‌ಗಳೇ ಇರಲಿಲ್ಲ.

ಈ ಪತನವನ್ನು ವಿಶ್ಲೇಷಿಸಿದವರಲ್ಲಿ ಇತಿಹಾಸಕಾರ ಸ್ಯಾಲಸ್ಟ್‌ನ ಮಾತಿಗೆ ವಿಶೇಷ ತೂಕವಿದೆ. ಕ್ರಿ.ಪೂ. 146ರಲ್ಲಿ ಶತ್ರುನಗರ ಕಾರ್ಥೇಜ್ ನಾಶವಾಗಿ ಹೊರಗಿನ ಭಯ ಹೋದ ಮೇಲೆ ರೋಮಿನಲ್ಲಿ ಮೊದಲು ಬೆಳೆದದ್ದು ಹಣದಾಸೆಗಿಂತ ಹೆಚ್ಚಾಗಿ ಪದವಿಯಾಸೆ ಎಂದೂ, ಅದು ದೋಷವೇ ಆದರೂ ಗುಣಕ್ಕೆ ಹತ್ತಿರದ ದೋಷವೆಂದೂ ಅವನು ಬರೆದ. ಕೀರ್ತಿಯನ್ನೂ ಅಧಿಕಾರವನ್ನೂ ಯೋಗ್ಯನೂ ಅಯೋಗ್ಯನೂ ಸಮನಾಗಿ ಬಯಸುತ್ತಾರೆ, ವ್ಯತ್ಯಾಸವಿರುವುದು ಹಿಡಿಯುವ ದಾರಿಯಲ್ಲಿ ಎಂಬುದು ಅವನ ವಿವರಣೆ. ಈ ನೀತಿಜ್ಞನ ಬೆನ್ನಹಿಂದಿನ ಕಥೆಯನ್ನೂ ಹೇಳಬೇಕು. ಕ್ರಿ.ಪೂ. 50ರಲ್ಲಿ ಸೆನೆಟ್ಟಿನಿಂದ ಉಚ್ಚಾಟಿತನಾದ ಸ್ಯಾಲಸ್ಟ್ ಸೀಸರನ ಕೃಪೆಯಿಂದ ಆಫ್ರಿಕಾದ ಪ್ರಾಂತ್ಯವೊಂದಕ್ಕೆ ಅಧಿಪತಿಯಾಗಿ, ಸುಲಿಗೆಯ ಆರೋಪ ಹೊತ್ತು ಮರಳಿ, ಅದಾದ ಮೇಲೆಯೇ ಇತಿಹಾಸ ಬರೆಯಲು ಕುಳಿತ. ಅವನ ಹೆಸರಿನ ಉದ್ಯಾನಗಳು ಮುಂದೆ ಚಕ್ರವರ್ತಿಗಳ ಆಸ್ತಿಯಾಗುವಷ್ಟು ವೈಭವದವು. ಇದರಿಂದ ಅವನ ಮಾತು ಸುಳ್ಳಾಗುವುದಿಲ್ಲ; ರೋಗಿ ಕೊಟ್ಟ ರೋಗವಿವರಣೆಗೆ ಅದರದೇ ಆದ ಪ್ರಾಮಾಣ್ಯವಿದೆ.

ನಿಯಮಗಳನ್ನು ಮೊದಲು ಮುರಿದವನು ಸೀಸರ್ ಅಲ್ಲ. ಮಾರಿಯಸ್ ಕ್ರಿ.ಪೂ. 104ರಿಂದ 100ರವರೆಗೆ ಸತತವಾಗಿ ಐದು ವರ್ಷ ಕಾನ್ಸಲ್ ಆಗಿದ್ದ, ಮತ್ತು ಸುಲ್ಲ ಕ್ರಿ.ಪೂ. 88ರಲ್ಲಿ ಸೈನ್ಯದೊಂದಿಗೆ ರೋಮಿಗೆ ನುಗ್ಗಿ, ಮುಂದೆ ಅವಧಿಯಿಲ್ಲದ ಸರ್ವಾಧಿಕಾರಿಯಾಗಿ ಕುಳಿತು, ಹತ್ತು ವರ್ಷಗಳ ಅಂತರದ ನಿಯಮವನ್ನು ಮತ್ತೆ ಜಾರಿಗೊಳಿಸಿ ನಿವೃತ್ತನಾದ. ಕಾನೂನನ್ನು ತುಳಿದು ಬಂದವನು ಬರೆದ ಕಾನೂನಿನಿಂದ ಮುಂದಿನವರು ಕಲಿತದ್ದು ಅದರ ವಿಧಿಗಳನ್ನಲ್ಲ, ಅವನು ಬಂದ ದಾರಿಯನ್ನು. ಆದರೂ ಗಣರಾಜ್ಯದ ಅಂತ್ಯ ಒಂದು ಚುನಾವಣಾ ವಿಧಿಯ ಸುತ್ತಲೇ ನಡೆದದ್ದು ಗಮನಾರ್ಹ. ಅಭ್ಯರ್ಥಿ ನಗರದೊಳಗೆ ಖುದ್ದಾಗಿ ಬಂದು ಹೆಸರು ಕೊಡಬೇಕಿತ್ತು. ಆದರೆ ವಿಜಯೋತ್ಸವಕ್ಕೆ ಕಾದಿರುವ ಸೇನಾಪತಿ ನಗರದ ಎಲ್ಲೆ ದಾಟಿದೊಡನೆ ಸೇನಾಧಿಕಾರವನ್ನೂ ವಿಜಯೋತ್ಸವವನ್ನೂ ಕಳೆದುಕೊಳ್ಳುತ್ತಿದ್ದ. ಕ್ರಿ.ಪೂ. 60ರಲ್ಲಿ ಸ್ಪೇನಿನಿಂದ ಮರಳಿದ ಸೀಸರ್ ವಿನಾಯಿತಿ ಕೇಳಿದಾಗ ಕೇಟೊ ಸೂರ್ಯ ಮುಳುಗುವವರೆಗೆ ಸೆನೆಟ್ಟಿನಲ್ಲಿ ಮಾತಾಡಿ ಅದನ್ನು ತಪ್ಪಿಸಿದ; ಸೀಸರ್ ವಿಜಯೋತ್ಸವವನ್ನು ಬಿಟ್ಟುಕೊಟ್ಟು ಒಳಗೆ ಬಂದು ಗೆದ್ದು ಕ್ರಿ.ಪೂ. 59ಕ್ಕೆ ಕಾನ್ಸಲ್ ಆದ. ಹತ್ತು ವರ್ಷಗಳ ಅಂತರದ ಲೆಕ್ಕದಲ್ಲಿ ಅವನು ಎರಡನೆಯ ಬಾರಿ ಕಾನ್ಸಲ್ ಆಗಬಹುದಾಗಿದ್ದುದು ಕ್ರಿ.ಪೂ. 48ಕ್ಕೆ. ಗಾಲ್ ಪ್ರಾಂತ್ಯದ ಸೈನ್ಯವನ್ನು ಬಿಡದೆಯೇ, ರೋಮಿಗೆ ಬಾರದೆಯೇ ಆ ಚುನಾವಣೆಗೆ ನಿಲ್ಲುವ ಹಕ್ಕನ್ನು ಕ್ರಿ.ಪೂ. 52ರಲ್ಲಿ ಜನರ ಸಭೆ ಅವನಿಗೆ ಕೊಟ್ಟಿತ್ತು. ಸೈನ್ಯ ಬಿಟ್ಟು ಬಂದರೆ ಹಳೆಯ ಆರೋಪಗಳಿಗಾಗಿ ನ್ಯಾಯಾಲಯಕ್ಕೆ ಎಳೆಯಲು ವಿರೋಧಿಗಳು ಕಾದಿದ್ದರು. ಸೆನೆಟ್ ಆ ಹಕ್ಕನ್ನು ಕಡೆಗಣಿಸಿದಾಗ, ಕ್ರಿ.ಪೂ. 49ರ ಜನವರಿಯಲ್ಲಿ ಅವನು ಸೈನ್ಯದೊಂದಿಗೆ ತನ್ನ ಪ್ರಾಂತ್ಯದ ಎಲ್ಲೆಯಾದ ರೂಬಿಕಾನ್ ನದಿಯನ್ನು ದಾಟಿ ಅಂತರ್ಯುದ್ಧಕ್ಕಿಳಿದ. ತನ್ನ ಪ್ರತಿಷ್ಠೆ ತನಗೆ ಪ್ರಾಣಕ್ಕಿಂತ ಹೆಚ್ಚೆಂದು ಅವನೇ ತನ್ನ ಯುದ್ಧವೃತ್ತಾಂತದಲ್ಲಿ ಬರೆದ. ಹುಡುಗನೊಬ್ಬ ಮುಖವಾಡಗಳ ಮುಂದೆ ನಿಂತು ಕಲಿಯಬೇಕೆಂದು ಸಮಾಜ ಬಯಸಿದ್ದ ಪಾಠವನ್ನೇ ಸೀಸರ್ ಕಲಿತಿದ್ದ, ಸ್ವಲ್ಪ ಹೆಚ್ಚಾಗಿ.

ಯುದ್ಧ ಗೆದ್ದ ಮೇಲೆ ಸೀಸರ್ ಪದವಿಗಳನ್ನು ರದ್ದು ಮಾಡಲಿಲ್ಲ, ಹಗುರ ಮಾಡಿದ. ಕಾನ್ಸಲ್ ಪದವಿಯೊಂದನ್ನು ಬಿಟ್ಟು ಉಳಿದವುಗಳಲ್ಲಿ ಅರ್ಧದಷ್ಟು ಅಭ್ಯರ್ಥಿಗಳನ್ನು ಚೀಟಿ ಕಳಿಸಿ ತಾನೇ ಸೂಚಿಸುತ್ತಿದ್ದ. ಕ್ರಿ.ಪೂ. 45ರ ಕೊನೆಯ ದಿನ ಒಬ್ಬ ಕಾನ್ಸಲ್ ಸತ್ತಾಗ ಉಳಿದ ಕೆಲವೇ ಗಂಟೆಗಳಿಗೆ ಕ್ಯಾನಿನಿಯಸ್ ರೆಬಿಲಸ್ ಎಂಬವನನ್ನು ಆರಿಸಲಾಯಿತು. ಆ ಜಾಗರೂಕ ಕಾನ್ಸಲ್ ತನ್ನ ಅವಧಿಯುದ್ದಕ್ಕೂ ನಿದ್ದೆ ಮಾಡಲಿಲ್ಲವೆಂದು ಸಿಸೆರೊ ಗೆಳೆಯನೊಬ್ಬನಿಗೆ ಕಟುವಾಗಿ ಬರೆದ. ಕ್ರಿ.ಪೂ. 44ರಲ್ಲಿ, ಸೀಸರನ ಕೊಲೆಯಾದ ವರ್ಷ, ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಸಿಸೆರೊ ಒಪ್ಪಿಕೊಳ್ಳುವ ಒಂದು ಮಾತಿನಲ್ಲಿ ಇಡೀ ಅನುಭವದ ನೋವಿದೆ: ಅಧಿಕಾರದ ದಾಹ ಅತಿ ಹೆಚ್ಚಾಗಿ ಕಾಡುವುದು ಸಣ್ಣ ಮನಸ್ಸಿನವರನ್ನಲ್ಲ, ಅತ್ಯಂತ ದೊಡ್ಡ ಚೇತನಗಳನ್ನು. ಮರುವರ್ಷ ಡಿಸೆಂಬರ್ 7ರಂದು ಅವನನ್ನು ಕೊಂದು, ಅವನ ತಲೆ ಮತ್ತು ಕೈಯನ್ನು ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ಪ್ರದರ್ಶಿಸಲಾಯಿತು.

ಮುಂದೆ ಮೊದಲ ಚಕ್ರವರ್ತಿಯಾದ ಅಗಸ್ಟಸ್ ಚುನಾವಣೆಗಳನ್ನು ಉಳಿಸಿಕೊಂಡ, ಕ್ರಿ.ಪೂ. 18ರಲ್ಲಿ ಲಂಚದ ವಿರುದ್ಧ ತಾನೂ ಒಂದು ಕಾಯಿದೆ ತಂದ, ಆದರೆ ಮನುಷ್ಯರನ್ನು ಅವನು ಸಿಸೆರೊಗಿಂತ ಚೆನ್ನಾಗಿ ಬಲ್ಲವನಾಗಿದ್ದ: ತನ್ನ ಬುಡಕಟ್ಟುಗಳಾದ ಫೇಬಿಯನ್ ಮತ್ತು ಸ್ಕಾಪ್ಟಿಯನ್ ವಿಭಾಗಗಳ ಮತದಾರರು ಅಭ್ಯರ್ಥಿಗಳ ಮುಂದೆ ಕೈಯೊಡ್ಡದಿರಲೆಂದು ಚುನಾವಣೆಯ ದಿನ ತಲೆಗೆ ಸಾವಿರ ಸೆಸ್ಟರ್ಸ್‌ಗಳನ್ನು ತಾನೇ ಹಂಚುತ್ತಿದ್ದ. ಅವನು ತೀರಿಕೊಂಡ ಕ್ರಿ.ಶ. 14ರಲ್ಲಿಯೇ ಉತ್ತರಾಧಿಕಾರಿ ಟೈಬೀರಿಯಸ್ ಪದವಿಗಳ ಆಯ್ಕೆಯನ್ನು ಮಾರ್ಸ್ ಬಯಲಿನಿಂದ ಸೆನೆಟ್ಟಿಗೆ ಸ್ಥಳಾಂತರಿಸಿದ. ಹಕ್ಕು ಕಳೆದುಕೊಂಡ ಜನ ಒಣಮಾತಿನಲ್ಲಿ ಗೊಣಗಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲವೆಂದೂ, ಹಣ ಚೆಲ್ಲುವ ಮತ್ತು ಕೈಮುಗಿಯುವ ಕಷ್ಟ ತಪ್ಪಿತೆಂದು ಸೆನೆಟ್ಟಿನವರು ಸಂತೋಷಪಟ್ಟರೆಂದೂ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಈ ಬದಲಾವಣೆ ನಾಣ್ಯಗಳ ಮೇಲೂ ಕಾಣುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳು ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಗಣರಾಜ್ಯದಲ್ಲಿ ಟಂಕಸಾಲೆಯ ಕಿರಿಯ ಅಧಿಕಾರಿಗಳು ಮುಂದಿನ ಪದವಿಯ ಮೇಲೆ ಕಣ್ಣಿಟ್ಟು ತಮ್ಮ ವಂಶದ ಹಿರಿಯರ ಸಾಹಸಗಳನ್ನು ನಾಣ್ಯಗಳ ಮೇಲೆ ಅಚ್ಚುಹಾಕಿಸುತ್ತಿದ್ದರು. ಕರ್ನಾಟಕದ ನೆಲ ತಲುಪಿದ ಈ ನಾಣ್ಯಗಳ ಹೊತ್ತಿಗೆ ಅಲ್ಲಿ ಉಳಿದಿದ್ದುದು ಚಕ್ರವರ್ತಿಯ ಮುಖ ಮಾತ್ರ.

ಮತಯಾಚನೆಯ ಹಳೆಯ ಚಟುವಟಿಕೆ ಸಣ್ಣ ಊರುಗಳಲ್ಲಿ ಮುಂದುವರಿಯಿತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇಯಿ ಪಟ್ಟಣದ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಚುನಾವಣಾ ಮನವಿಗಳು ಎರಡು ಸಾವಿರಕ್ಕೂ ಮಿಕ್ಕಿ ದೊರೆತಿವೆ. ಕಸುಬುದಾರರ ಗುಂಪುಗಳು, ನೆರೆಹೊರೆಯವರು, ಮತದಾನದ ಹಕ್ಕಿಲ್ಲದ ಹೆಂಗಸರು ಸಹ ಅವುಗಳಲ್ಲಿ ತಮ್ಮ ಅಭ್ಯರ್ಥಿಯ ಹೆಸರನ್ನು ಸೂಚಿಸಿದ್ದಾರೆ. ವೇಟಿಯ ಎಂಬವನನ್ನು ಊರಿನ ಚಿಲ್ಲರೆ ಕಳ್ಳರೂ ತಡರಾತ್ರಿಯ ಕುಡುಕರೂ ಬೆಂಬಲಿಸುತ್ತಾರೆಂಬ ಬರಹಗಳನ್ನು ಅವನ ಎದುರಾಳಿಗಳೇ ಬರೆಸಿರಬೇಕು. ಆದರೆ ರೋಮ್ ನಗರದಲ್ಲಿ ಆಂಬಿಟಸ್ ಕಾಯಿದೆಗೆ ಕೆಲಸವಿಲ್ಲದಂತಾಯಿತು. ಕ್ರಿ.ಶ. 3ನೇ ಶತಮಾನದ ನ್ಯಾಯಶಾಸ್ತ್ರಜ್ಞ ಮೊಡೆಸ್ಟೀನಸ್ ಈ ಕಾಯಿದೆಯ ಬಗ್ಗೆ ಬರೆದ ಟಿಪ್ಪಣಿಯನ್ನು ಚಕ್ರವರ್ತಿ ಜಸ್ಟಿನಿಯನ್ನನ ಕಾನೂನು ಸಂಗ್ರಹ ಉಳಿಸಿಕೊಂಡಿದೆ: ಪದವಿಗಳ ನೇಮಕ ಜನರ ಒಲವಿಗೆ ಸಂಬಂಧಿಸದೆ ಚಕ್ರವರ್ತಿಯ ಹೊಣೆಯಾಗಿರುವುದರಿಂದ ನಗರದಲ್ಲಿ ಈ ಕಾಯಿದೆ ಇಂದು ಬಳಕೆಯಲ್ಲಿಲ್ಲ, ಹೊರಗಿನ ಪಟ್ಟಣಗಳಲ್ಲಿ ಇದನ್ನು ಮೀರಿ ಪದವಿ ಬಯಸಿದವನಿಗೆ ನೂರು ಚಿನ್ನದ ನಾಣ್ಯಗಳ ದಂಡ ಮತ್ತು ಅಪಕೀರ್ತಿಯ ಶಿಕ್ಷೆ.